ಮರವನ್ನು ಅಲೆ ಎಂದು ಬರೆಯುವವರು: ಯಂತ್ರವಿದ್ಯೆಯ ಅನುವಾದ ಮತ್ತು ಮತ್ತಿಗಿರಿ

ಇಟಾಲಿಯನ್‌ನಿಂದ ಹೀಬ್ರೂಗೆ ಯಂತ್ರವಿದ್ಯೆಯ ಬರಹ ಅನುವಾದಿಸುವವರು ಎಲ್ಲಿ ಸಿಗುತ್ತಾರೆ? ಕನ್ನಡ ಎಂ.ಎ. ಓದುವವಳಿಗೆ ಇದ್ಯಾಕೆ ಅಂತ ನೀವು ಕೇಳಬಹುದು. ಮತ್ತಿಗಿರಿಯಲ್ಲಿ ನಿಂತು ನೋಡಿದರೆ ಇದು ನಮ್ಮದೇ ಪ್ರಶ್ನೆ.

ಇಟಾಲಿಯನ್‌ನ ‘ಆಲ್ಬೆರೊ’ ಅಂದರೆ ಮರ. ಯಂತ್ರದಲ್ಲಿ ಅದು ಶಾಫ್ಟ್. ಹೀಬ್ರೂವಿನ ‘ಗಲ್’ ಅಂದರೆ ಅಲೆ; ಯಂತ್ರದಲ್ಲಿ ಅದೂ ಶಾಫ್ಟೇ. ಅಂದ್ರೆ, ಮರವನ್ನು ಅಲೆ ಎಂದು ಬರೆದವರೇ ಇಲ್ಲಿ ಸರಿಯಾದ ಅನುವಾದಕರು. ನಮ್ಮ ‘ಅಚ್ಚು’ ಕೂಡ ಹಾಗೇ ಅಲ್ವಾ? ಗಾಡಿಯಲ್ಲಿ ಒಂದು, ಎರಕದಲ್ಲಿ ಇನ್ನೊಂದು, ಮುದ್ರಣದಲ್ಲಿ ಮತ್ತೊಂದು. ತಮಿಳಿನ ‘ಅಚ್ಚು’ವಿಗೂ ಈ ಅರ್ಥಗಳಿವೆ; ತೆಲುಗಿನಲ್ಲಿ ಗಾಡಿಯದು ‘ಇರುಸು’. ನಿಘಂಟು ಎಲ್ಲ ಅರ್ಥಗಳನ್ನೂ ಕೊಡುತ್ತದೆ, ಆರಿಸುವುದು ಕೆಲಸ ಬಲ್ಲವರು.

ಈ ಪದಗಳು ತಾವಾಗಿ ಹುಟ್ಟಿದವಲ್ಲ. ಗೆಲಿಲಿಯೊ 1638ರ ತನ್ನ ಯಂತ್ರಶಾಸ್ತ್ರದ ಗ್ರಂಥವನ್ನು ಬಹುಪಾಲು ಇಟಾಲಿಯನ್‌ನಲ್ಲೇ ಬರೆದ. ಹೈಫಾದ ಟೆಕ್ನಿಯಾನ್‌ನಲ್ಲಿ ಜರ್ಮನ್ ಇರಬೇಕೋ ಹೀಬ್ರೂ ಇರಬೇಕೋ ಎಂದು 1913ರಲ್ಲಿ ದೊಡ್ಡ ಜಗಳವಾಯಿತು. 1924ರಲ್ಲಿ ಪಾಠ ಶುರುವಾದಾಗ ಹೀಬ್ರೂ ಗೆದ್ದಿತ್ತು. ಅದೇ ಕಾಲದಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಹುಟ್ಟಿದವು. ಆದರೆ ಕಾಲೇಜಿನ ಪಾಠ ಇಂಗ್ಲಿಷಿನಲ್ಲಿ ನಡೆಯಿತು. ಎರಡು ಮನೆಗಳ ನಡುವೆ ಬಾಗಿಲು ಇಡಲಿಲ್ಲ ಎಂಬುದು ನನ್ನ ವಾದ.

ನೇರವಾಗಿ ಎರಡೂ ಭಾಷೆ ಬಲ್ಲವರು ಸಿಗದಿದ್ದಾಗ ಇಂಗ್ಲಿಷನ್ನು ನಡುವೆ ಇಟ್ಟುಕೊಳ್ಳುತ್ತಾರೆ. ಮೊದಲ ಹಂತದ ತಪ್ಪು ಎರಡನೆಯವರ ಕಣ್ಣಿಗೆ ಬೀಳುವುದೇ ಕಷ್ಟ. ಬೋಲ್ಟನ್ನು ಎಷ್ಟು ಬಿಗಿಯಬೇಕು ಎಂಬ ಸಾಲು ಕೆಟ್ಟರೆ ಕೆಡುವುದು ಬರೀ ಶೈಲಿಯಲ್ಲ, ಕೆಲಸಗಾರರ ಕೈಯೇ ಹೋಗಬಹುದು.

ಈಗ ನಮ್ಮ ಕಡೆ ನೋಡಿ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೊಸೂರು ಮದ್ರಾಸಿನಲ್ಲೇ ಉಳಿಯಿತು. ಆಮೇಲೆ ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಕಾರ್ಖಾನೆಗಳು ಬಂದವು. ಕನ್ನಡ, ತೆಲುಗು, ತಮಿಳು ಮೂರೂ ಆಡುವ, ಲೇತ್ ಮುಂದೆ ನಿಲ್ಲುವ ಜನ ಇಲ್ಲಿದ್ದಾರೆ. 2006ರ ಕಾಯ್ದೆಯಿಂದ ಶಾಲೆಗಳಲ್ಲಿ ತಮಿಳು ಕಡ್ಡಾಯವಾಯಿತು. ತಮಿಳು ಕಲಿತರೆ ನಷ್ಟವೇನಿಲ್ಲ, ಲಾಭವೇ. ಆದರೆ ಕನ್ನಡ ಬರೀ ಮನೆಮಾತಾಗಿ, ಓದು-ಬರಹ ನಿಂತುಹೋದರೆ, ಮೂರು ಭಾಷೆಗಳ ನಡುವೆ ನಿಲ್ಲಬಲ್ಲ ಅನುವಾದಕರನ್ನು ನಾವೇ ಕಳೆದುಕೊಳ್ಳುತ್ತೇವೆ.

ಹಾಗಾಗಿ ನನ್ನ ಸಲಹೆ ಇಷ್ಟೇ: ಕನ್ನಡ ವಿಭಾಗಗಳು ಐಟಿಐ ಮಕ್ಕಳ ಜೊತೆ ಕೂತು, ಕಾರ್ಖಾನೆಯಲ್ಲಿ ಆಡುವ ಪದಗಳನ್ನು ಮೂರೂ ಭಾಷೆಗಳಲ್ಲಿ ಬರೆದಿಡಲಿ. ಅನುವಾದಕರನ್ನು ಹುಡುಕೋದಕ್ಕಿಂತ ಮುಂಚೆ ಅವರನ್ನು ಬೆಳೆಸಬೇಕಲ್ಲ.