ಫೆರ್ಹಾದಿಯ ಮಸೀದಿ: ಬಾನ್ಯಾ ಲೂಕಾದ ಒಂದು ವಕ್ಫ್ ಕಟ್ಟಡದ ವಿನಾಶ ಮತ್ತು ಜೀರ್ಣೋದ್ಧಾರ

ಒಟ್ಟೋಮನ್ ಪಟ್ಟಣಗಳ ಚರಿತ್ರೆಯಲ್ಲಿ, ಮಸೀದಿಯೊಂದು ಮೊದಲು ನಿಂತು, ಅದರ ನಿರ್ವಹಣೆಗೆಂದು ದಾನಿಯು ವಕ್ಫ್ ಆಗಿ ಬಿಟ್ಟ ಅಂಗಡಿಸಾಲು, ಹಮಾಮು, ಛತ್ರಗಳ ಆಶ್ರಯದಲ್ಲಿ ಜನವಸತಿ ನೆಲೆಗೊಂಡು, ಕ್ರಮೇಣ ಒಂದು ಮೊಹಲ್ಲಾ ರೂಪುಗೊಂಡ ದೃಷ್ಟಾಂತಗಳು ಹೇರಳವಾಗಿವೆ. ಬೋಸ್ನಿಯಾದ ಬಾನ್ಯಾ ಲೂಕಾದಲ್ಲಿ 1579ರಲ್ಲಿ ಫೆರ್ಹಾದ್ ಪಾಷಾ ಸೊಕೊಲೊವಿಚ್ ಕಟ್ಟಿಸಿದ ಫೆರ್ಹಾದಿಯ ಮಸೀದಿಯು ಇವುಗಳ ಪೈಕಿ ಗಣ್ಯವಾದುದು. 1575ರ ಯುದ್ಧದಲ್ಲಿ ಹತನಾದ ಆವರ್ಸ್‌ಪೆರ್ಗ್ ವಂಶದ ಸೇನಾನಿಯ ಶಿರಸ್ಸಿಗೂ ಸೆರೆಸಿಕ್ಕ ಅವನ ಮಗನ ಬಿಡುಗಡೆಗೂ ತೆತ್ತ ಹಣವೇ ಈ ಕಟ್ಟಡಕ್ಕೆ ಮೂಲಧನವಾಯಿತೆಂಬ ಐತಿಹ್ಯವಿದೆ. ಐತಿಹ್ಯವೆಂದೇ ಅದನ್ನು ಸ್ವೀಕರಿಸುವುದು ಲೇಸು.

ವಿಶಾಲವಾದ ನಡುಗುಮ್ಮಟ, ಮೂರು ಕಿರುಗುಮ್ಮಟಗಳ ಮುಖಮಂಟಪ, ತೆಳ್ಳಗೆ ಮೇಲೇರಿದ ಮಿನಾರು, ಅಂಗಳದಲ್ಲಿ ಸಮಾಧಿಮಂದಿರಗಳು: ಇವೆಲ್ಲವೂ ನಾಲ್ಕು ಶತಮಾನಗಳ ಆಡಳಿತ ಬದಲಾವಣೆಗಳನ್ನೂ 1969ರ ಭೂಕಂಪವನ್ನೂ ಸಹಿಸಿ ಉಳಿದಿದ್ದುವು. ಬೋಸ್ನಿಯಾ ಯುದ್ಧದ ನಡುವೆ, 1993ರ ಮೇ 7ರಂದು, ಕಾಳಗವೇ ನಡೆಯದಿದ್ದ ಆ ಊರಿನಲ್ಲಿ, ಸ್ಫೋಟಕಗಳಿಂದ ಮಸೀದಿಯನ್ನು ಕೆಡವಲಾಯಿತು; ಅದೇ ರಾತ್ರಿ ಹತ್ತಿರದ ಅರ್ನಾವುದಿಯ ಮಸೀದಿಯೂ ಬಿದ್ದಿತು. ಅವಶೇಷಗಳನ್ನು ಲಾರಿಗಳಲ್ಲಿ ಸಾಗಿಸಿ ಕಸದ ತಿಪ್ಪೆಗೆ ಸುರಿದು, ನೆಲವನ್ನು ಸಮ ಮಾಡಿದರು. ಬೀಳಿಸಿದವರಿಗೆ ಕಟ್ಟಡವೊಂದೇ ಗುರಿಯಾಗಿರದೆ ಅದರ ನೆನಪೂ ಗುರಿಯಾಗಿತ್ತೆಂಬುದಕ್ಕೆ ಬೇರೆ ಸಾಕ್ಷ್ಯ ಬೇಡ.

1999ರಲ್ಲಿ ಬೋಸ್ನಿಯಾದ ಮಾನವಹಕ್ಕು ನ್ಯಾಯಪೀಠವು ಮಸೀದಿಗಳ ಪುನರ್ನಿರ್ಮಾಣಕ್ಕೆ ಅನುಮತಿ ಕೊಡತಕ್ಕದ್ದೆಂದು ತೀರ್ಪಿತ್ತಿತು. ಆದರೂ 2001ರ ಮೇ 7ರಂದು ನಡೆಯಬೇಕಾಗಿದ್ದ ಶಂಕುಸ್ಥಾಪನೆ ಗಲಭೆಯಲ್ಲಿ ಮುರಿದುಬಿದ್ದು, ಏಟು ತಿಂದ ವೃದ್ಧನೊಬ್ಬನು ಮರಣಹೊಂದಿದನು. ಮರುತಿಂಗಳು, ಪೊಲೀಸ್ ಕಾವಲಿನಲ್ಲಿ, ಅಸ್ತಿಭಾರದ ಕಲ್ಲು ಇಡಲಾಯಿತು.

ಮುಂದಿನ ಕೆಲಸದ ಕ್ರಮವೇ ವಿದ್ವಾಂಸರ ವಿಶೇಷ ಗಮನಕ್ಕೆ ಅರ್ಹವಾದುದು. ತಿಪ್ಪೆಯಿಂದ ಆಯ್ದು ತಂದ ಕಲ್ಲುಗಳನ್ನು ಸಂಖ್ಯೆ ಬರೆದು ಸಾಲಾಗಿ ಹರಡಿ, ಹಳೆಯ ಛಾಯಾಚಿತ್ರ, ನಕ್ಷೆಗಳೊಡನೆ ಒಂದೊಂದನ್ನೂ ಹೋಲಿಸಿ, ಅದರ ಮೊದಲಿನ ಸ್ಥಾನವನ್ನು ನಿರ್ಣಯಿಸಲಾಯಿತು. ಒಟ್ಟೋಮನ್ ಕಲ್ಲುಕುಟಿಗರು ಕಲ್ಲಿಗೆ ಕಲ್ಲನ್ನು ಕಬ್ಬಿಣದ ಕೊಂಡಿಯಿಂದ ಬಿಗಿದು ಕುಳಿಗೆ ಕರಗಿದ ಸೀಸವನ್ನು ಹೊಯ್ಯುತ್ತಿದ್ದವರು. ಅಂಥ ಕುಳಿಯೊಂದು ಅರ್ಧ ಉಳಿದಿದ್ದರೂ ಸಾಕು, ಆ ತುಂಡಿನ ಜೊತೆಗಲ್ಲು ಯಾವ ದಿಕ್ಕಿನಲ್ಲಿದ್ದಿತೆಂದು ಊಹಿಸಬಹುದು. ಸಾರಾಯೆವೊದ ವಾಸ್ತುಶಿಲ್ಪ ವಿದ್ಯಾಲಯದ ಮುಹಮದ್ ಹಮಿದೊವಿಚ್ ಅವರ ನೇತೃತ್ವದಲ್ಲಿ ಸಾಗಿದ ಈ ಕಾರ್ಯವನ್ನು ಕೇವಲ ಅನುಕೃತಿಯೆಂದು ತಳ್ಳಿಹಾಕುವವರ ವಾದ ನಮಗೆ ಸಮ್ಮತವಲ್ಲ: ಹಳೆಯ ಕಲ್ಲು ಹಳೆಯ ಎಡೆಯಲ್ಲೇ ಕುಳಿತು, ಕೊರತೆ ಬಿದ್ದಲ್ಲಿ ಮಾತ್ರ ಹೊಸದು ಸೇರಿದಾಗ, ಅದು ಜೀರ್ಣೋದ್ಧಾರವೇ ಸರಿ.

2016ರ ಮೇ 7ರಂದು ಮಸೀದಿ ಪುನಃ ತೆರೆಯಿತು. ಆದರೆ ಮಸೀದಿಯನ್ನು ಮೊಹಲ್ಲಾದಿಂದ ಬೇರ್ಪಡಿಸಿ ಅಳೆಯಲಾಗದೆಂದು ಒಪ್ಪುವುದಾದರೆ, ಜನಗಣತಿಯ ಅಂಕಿಗಳನ್ನೂ ನೋಡಲೇಬೇಕು. 1991ರಲ್ಲಿ ಬಾನ್ಯಾ ಲೂಕಾದ ಪೌರಪ್ರದೇಶದಲ್ಲಿ ಶೇ. 14ಕ್ಕೂ ಮಿಗಿಲಾಗಿದ್ದ ಮುಸಲ್ಮಾನ ಸಮುದಾಯವು 2013ರ ಗಣತಿಯಲ್ಲಿ ಶೇ. 4ರ ಆಸುಪಾಸಿಗೆ ಇಳಿದಿತ್ತು.