ಯಶವಂತಪುರದ ರೋಮನ್ ನಾಣ್ಯಗಳು: ಊರಿಗೆ ಸಾಕ್ಷಿಯೋ, ದಾರಿಗೋ?

ಮಲ್ಲೇಶ್ವರಕ್ಕೆ ತಾಗಿಕೊಂಡಿರುವ ಯಶವಂತಪುರದಲ್ಲಿ 1891ರಲ್ಲಿ ರೈಲು ಮಾರ್ಗದ ಕೆಲಸ ನಡೆದಾಗ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಅವುಗಳಲ್ಲಿ ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಚಕ್ರವರ್ತಿಗಳ ದೆನಾರಿಯಸ್‌ಗಳಿದ್ದವು. 1965ರಲ್ಲಿ ಎಚ್‌ಎಎಲ್ ಪ್ರದೇಶದಲ್ಲಿ ಇನ್ನೂ 256 ಬೆಳ್ಳಿ ನಾಣ್ಯಗಳು ದೊರೆತವು. ಈ ಎರಡು ನಿಧಿಗಳ ಆಧಾರದ ಮೇಲೆ, ಬೆಂಗಳೂರು ಕಟ್ಟಿದ ಕೆಂಪೇಗೌಡರಿಗಿಂತ ಹದಿನೈದು ಶತಮಾನ ಮೊದಲೇ ಇಲ್ಲೊಂದು ವ್ಯಾಪಾರದ ಪಟ್ಟಣವಿತ್ತೆಂದು ಹೇಳುವ ರೂಢಿ ಬೆಳೆದಿದೆ. ಸಾಕ್ಷ್ಯ ಅಷ್ಟು ಭಾರ ಹೊರಲಾರದು. ಹೂತಿಟ್ಟ ಬೆಳ್ಳಿ ಈ ಪ್ರಸ್ಥಭೂಮಿಯ ಮೇಲೆ ಹಣ ಓಡಾಡಿತೆಂಬುದನ್ನು ತೋರಿಸುತ್ತದೆ. ಜನ ನೆಲೆನಿಂತು ಪಟ್ಟಣ ಕಟ್ಟಿದರೆಂಬುದನ್ನು ತೋರಿಸಬೇಕಾದದ್ದು ಮಣ್ಣಿನ ಪದರ, ಮಡಕೆಚೂರು, ಒಲೆಯ ಬೂದಿ, ಗೋಡೆಯ ಪಾಯ. ಯಶವಂತಪುರದ ನಿಧಿಯ ಜೊತೆಗೆ ಇವು ಯಾವುವೂ ದಾಖಲಾಗಿಲ್ಲ.

ನಾಣ್ಯದ ಮೇಲಿನ ಮುಖ ಅದನ್ನು ಅಚ್ಚು ಹಾಕಿದ ಕಾಲವನ್ನು ಹೇಳುತ್ತದೆಯೇ ಹೊರತು ಹೂತ ಕಾಲವನ್ನಲ್ಲ. ನೀರೋ ಕ್ರಿ.ಶ. 64ರ ಸುಮಾರಿಗೆ ದೆನಾರಿಯಸ್‌ನ ತೂಕವನ್ನೂ ಬೆಳ್ಳಿಯ ಶುದ್ಧತೆಯನ್ನೂ ಇಳಿಸಿದ. ಭಾರತದಲ್ಲಿ ಸಿಗುವ ದೆನಾರಿಯಸ್‌ಗಳಲ್ಲಿ ಬಹುಪಾಲು ಅದಕ್ಕೂ ಹಿಂದಿನವು, ಅದರಲ್ಲೂ ಅಗಸ್ಟಸ್ ಮತ್ತು ಟೈಬೀರಿಯಸ್‌ರವು. ಬೆಳ್ಳಿಯನ್ನು ತೂಗಿ ಕೊಳ್ಳುವ ವರ್ತಕ ಹಳೆಯ ಅಪ್ಪಟ ನಾಣ್ಯವನ್ನೇ ಆರಿಸಿಕೊಂಡಾನು, ತಲೆಮಾರುಗಟ್ಟಲೆ ಕಾಪಿಟ್ಟಾನು. ಹಾಗಾಗಿ ಈ ನಿಧಿಗಳನ್ನು ಟೈಬೀರಿಯಸ್‌ನ ಆಳ್ವಿಕೆಗೇ ಕಟ್ಟಿಹಾಕುವುದು ಆತುರದ ಮಾತು.

ನಾಣ್ಯವೊಂದು ಪಟ್ಟಣದ ಸಾಕ್ಷಿಯಾಗುವುದು ಹೇಗೆ ಎಂಬುದಕ್ಕೆ ಮಾದರಿ ದೂರವೇನಿಲ್ಲ, ಚಿತ್ರದುರ್ಗದ ಮಗ್ಗುಲಲ್ಲಿದೆ. ಚಂದ್ರವಳ್ಳಿಯಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ 1920ರ ದಶಕದ ಕೊನೆಯಲ್ಲಿ ಅಗೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿಯೂ ಬ್ರಹ್ಮಗಿರಿಯಲ್ಲಿಯೂ ಪದರ ಪದರವಾಗಿ ಅಗೆದು ದಾಖಲಿಸಿದರು. ಚಂದ್ರವಳ್ಳಿಯಲ್ಲಿ ಸಿಕ್ಕಿದ್ದೂ ಟೈಬೀರಿಯಸ್‌ನ ದೆನಾರಿಯಸ್ಸೇ. ಆದರೆ ಅಲ್ಲಿ ಅದರ ನೆರೆಹೊರೆ ಗೊತ್ತಿದೆ: ಶಾತವಾಹನ ಕಾಲದ ಸೀಸದ ನಾಣ್ಯಗಳು, ಒಳತಳದಲ್ಲಿ ಸಣ್ಣ ಗೀರುಗಳ ವರ್ತುಲಗಳಿರುವ ರೂಲೆಟೆಡ್ ಮಡಕೆಯ ಚೂರುಗಳು. ಅದೇ ಬಗೆಯ ಮಡಕೆಯನ್ನು ವೀಲರ್ 1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ಇಟಲಿಯ ಪಾತ್ರೆಗಳ ಸಂದರ್ಭದಲ್ಲಿ ಕಂಡಿದ್ದರು. ಹೀಗೆ ಕರಾವಳಿಯ ಕಾಲಗಣನೆ ಒಳನಾಡಿಗೆ ದಾಟಿ, ಬ್ರಹ್ಮಗಿರಿಯ ಬೃಹತ್ ಶಿಲಾ ಸಂಸ್ಕೃತಿಗೂ ಒಂದು ಕಾಲದ ಆಸರೆ ದೊರೆಯಿತು. ಆ ಲೆಕ್ಕವೂ ಅಲುಗಾಡಿತು ಎಂಬುದು ಬೇರೆ: ವಿಮಲಾ ಬೆಗ್ಲಿ ಅರಿಕಮೇಡುವಿನ ಸಾಮಗ್ರಿಯನ್ನು ಮರುಪರಿಶೀಲಿಸಿ ರೂಲೆಟೆಡ್ ಮಡಕೆಯ ಆರಂಭವನ್ನು ಕ್ರಿಸ್ತಪೂರ್ವಕ್ಕೆ ಒಯ್ದರು. ಪದರಗಳ ದಾಖಲೆ ಇದ್ದುದರಿಂದಲೇ ಆ ತಿದ್ದುಪಡಿ ಸಾಧ್ಯವಾಯಿತು. ಯಶವಂತಪುರದ ವಿಷಯದಲ್ಲಿ ತಿದ್ದಲಿಕ್ಕೂ ಏನಿಲ್ಲ.

ಇದಕ್ಕೆ ಬರುವ ಬಲವಾದ ಆಕ್ಷೇಪವೆಂದರೆ, ನಗರವೇ ಸಾಕ್ಷ್ಯವನ್ನು ನುಂಗಿದೆ ಎಂಬುದು. ಚಾಮರಾಜಪೇಟೆ 1892ರಲ್ಲಿ ಹುಟ್ಟಿತು. 1898ರ ಪ್ಲೇಗಿನ ತರುವಾಯ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಅಚ್ಚುಕಟ್ಟಾದ ಅಡ್ಡರಸ್ತೆಗಳೊಡನೆ ಹರಡಿಕೊಂಡವು. ಈ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಅದೇ ವರ್ಷಗಳಲ್ಲಿ ಬಿ.ಎಲ್. ರೈಸ್ ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸುತ್ತಿದ್ದರು. ಬೆಂಗಳೂರು ಜಿಲ್ಲೆಯ 'ಎಪಿಗ್ರಾಫಿಯಾ ಕರ್ನಾಟಿಕ' ಸಂಪುಟ 1905ರಲ್ಲಿ ಹೊರಬಂತು. ಅಂದಿನ ವಿದ್ವತ್ತಿನ ಕಣ್ಣು ಅಕ್ಷರವಿದ್ದ ಕಲ್ಲಿನ ಮೇಲಿತ್ತು, ಪಾಯದ ಗುಂಡಿಯಿಂದ ಹೊರಬಿದ್ದ ಚೂರುಗಳ ಮೇಲಲ್ಲ. ಆದ್ದರಿಂದ ಚೂರುಗಳು ದಾಖಲಾಗಲಿಲ್ಲ ಎಂಬ ಮಾತ್ರಕ್ಕೆ ಊರೇ ಇರಲಿಲ್ಲ ಎನ್ನಲಾಗದು. ಆದರೆ ಕಳೆದುಹೋಗಿರಬಹುದಾದ ಸಾಕ್ಷ್ಯವನ್ನು ಇದ್ದ ಸಾಕ್ಷ್ಯದ ಲೆಕ್ಕಕ್ಕೆ ಬರೆಯುವುದೂ ನ್ಯಾಯವಲ್ಲ. ಉಳಿದಿರುವ ಬರಹ ತೀರ ತಡವಾಗಿ ಮಾತಾಡುತ್ತದೆ: ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಸುಮಾರು 750ರದು, 'ಬೆಂಗಳೂರು' ಹೆಸರಿರುವ ಬೇಗೂರಿನ ಶಾಸನ ಒಂಬತ್ತನೆಯ ಶತಮಾನದ ಕೊನೆಯದು. ನಾಣ್ಯಕ್ಕೂ ಕಲ್ಲಿಗೂ ನಡುವೆ ಏಳು ಶತಮಾನಗಳ ಮೌನ.

ಊರಿಲ್ಲದ ಕಡೆ ಅಷ್ಟು ಹಣ ಯಾರು ಹೂಳುತ್ತಾರೆ ಎಂಬ ಇನ್ನೊಂದು ಪ್ರಶ್ನೆ ಮೇಲ್ನೋಟಕ್ಕೆ ಚುರುಕಾಗಿದೆ. ಕಳ್ಳಕಾಕರ ಭಯವಿರುವ ದಾರಿಯಲ್ಲಿ ಗಂಟನ್ನು ಹೂಳುವುದೇ ಜನ ಕಾಣದ ಜಾಗ ನೋಡಿ. ರೋಮನ್ ನಿಧಿಗಳು ದಟ್ಟವಾಗಿರುವುದು ಕೊಯಮತ್ತೂರು ಸೀಮೆಯಲ್ಲಿ, ಪಾಲಕ್ಕಾಡು ಕಣಿವೆಯಿಂದ ಪೂರ್ವಕ್ಕೆ ಸಾಗುವ ಹಾದಿಯ ಆಸುಪಾಸಿನಲ್ಲಿ. ಬೆಂಗಳೂರಿನ ಎರಡು ನಿಧಿಗಳನ್ನು ಆ ಜಾಲದ ಉತ್ತರದ ಕವಲಿನ ಕುರುಹುಗಳೆಂದು ಓದುವುದು, ನನ್ನ ಮಟ್ಟಿಗೆ, ಕಡಿಮೆ ಊಹೆ ಬೇಡುವ ವಿವರಣೆ.

ವಾದವನ್ನು ಮುಂದಕ್ಕೆ ಒಯ್ಯಬಲ್ಲದ್ದು ನಕ್ಷೆ. ಮಿಥಿಕ್ ಸೊಸೈಟಿಯ ಯೋಜನೆ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ, ಅವಿರುವ ಸ್ಥಳಗಳನ್ನು ಗುರುತಿಸುತ್ತ ಬಂದಿದೆ. ಮಡಕೆಚೂರಿಗೆ ಅಂಥ ನಕ್ಷೆ ಬೇಕಿದೆ. ಅದಿಲ್ಲದ ಕಡೆ ಊಹೆಯೇ ಬೆಳೆಯುತ್ತದೆ: 1997ರಲ್ಲಿ ಕಾಡು ಮಲ್ಲೇಶ್ವರ ದೇವಾಲಯದ ಎದುರು ಮಣ್ಣಿನಡಿಯಿಂದ ನಂದಿ ತೀರ್ಥದ ಕಲ್ಯಾಣಿ ಹೊರಬಂದದ್ದು ಜನರ ಭಕ್ತಿಯನ್ನು ಹಿಗ್ಗಿಸಿತು, ಅದರ ವಯಸ್ಸಿನ ಬಗ್ಗೆ ಕೆಲವರ ಕಲ್ಪನೆಯನ್ನು ಸಾವಿರಾರು ವರ್ಷ ಹಿಗ್ಗಿಸಿತು. ನಕ್ಷೆಗೆ ಬೇಕಾದ ಪದರಗಳು ಕಾಣುವುದು ನಗರ ಈಗ ತೋಡುವ ಗುಂಡಿಗಳಲ್ಲಿ. ಮೆಟ್ರೊ ಸುರಂಗ ಹೆಚ್ಚಿನ ಕಡೆ ಮಾನವ ವಸತಿಯ ಪದರಕ್ಕಿಂತ ಆಳದಲ್ಲಿ ಹಾದುಹೋಗುತ್ತದೆ. ನಿಲ್ದಾಣದ ಗುಂಡಿಗಳು ಮಾತ್ರ ನೆಲದ ಮೇಲಿಂದಲೇ ಸೀಳಿಕೊಂಡು ಇಳಿಯುತ್ತವೆ. ಮಲ್ಲೇಶ್ವರ, ಬಸವನಗುಡಿಗಳಲ್ಲಿ ಹಳೆಯ ಮನೆ ಕೆಡವಿ ಅಪಾರ್ಟ್‌ಮೆಂಟಿನ ನೆಲಮಾಳಿಗೆ ತೋಡುವಾಗಲೂ ಅಂಥದೇ ಸೀಳು ಸಿಗುತ್ತದೆ. ಕಾಂಕ್ರೀಟು ಬೀಳುವ ಮುಂಚೆ ಆ ಗುಂಡಿಗಳ ಗೋಡೆಗಳ ಚಿತ್ರ ತೆಗೆದು, ಕಪ್ಪು-ಕೆಂಪು ಮಡಕೆ ಎಷ್ಟು ಆಳದಲ್ಲಿದೆ, ರೂಲೆಟೆಡ್ ಚೂರು ಒಂದಾದರೂ ಇದೆಯೇ ಎಂದು ಗುರುತು ಹಾಕಿದರೆ, ಯಶವಂತಪುರದ 163 ನಾಣ್ಯಗಳ ಪಕ್ಕಕ್ಕೆ ಇಡಲು ಮೊದಲ ಸಲ ಏನಾದರೂ ದೊರೆಯುತ್ತದೆ.