ಏಳನೇ ನಮೂನೆಯ ಕಾಲ

ಉಳುವವನೇ ಹೊಲದೊಡೆಯ ಎಂದೊಡನೆ ನಮ್ಮ ಕಡೆಯವರಿಗೆ ದೇವರಾಜ ಅರಸರು ನೆನಪಾಗುತ್ತಾರೆ. ಆಗಬೇಕಾದದ್ದೇ. ಆದರೆ ಬಾಗಲಕೋಟೆ, ಬಾದಾಮಿ, ಹುನಗುಂದ ಸೀಮೆಯ ಲಾವಣಿದಾರರಿಗೆ ಆ ಹಕ್ಕು ಹದಿನೇಳು ವರ್ಷ ಮೊದಲೇ ಬರಬೇಕಿತ್ತೆಂಬುದು ಬಹಳ ಮಂದಿಗೆ ಗೊತ್ತಿಲ್ಲ. ನಾವು ಆಗ ಮುಂಬಯಿ ರಾಜ್ಯದ ವಿಜಾಪುರ ಜಿಲ್ಲೆಯವರು. ಅಲ್ಲಿಯ 1948ರ ಗೇಣಿ ಕಾಯದೆಯನ್ನು ತಿದ್ದಿ, 1957ರ ಏಪ್ರಿಲ್ 1ರಿಂದ ಉಳುವ ಗೇಣಿದಾರನೇ ಹೊಲ ಕೊಂಡವನೆಂದು ಎಣಿಸಲು ಗೊತ್ತುಮಾಡಿದ್ದರು. ಅದಕ್ಕೆ ಐದು ತಿಂಗಳು ಮೊದಲು, 1956ರ ನವೆಂಬರ್ 1ಕ್ಕೆ, ನಾವು ಮೈಸೂರು ರಾಜ್ಯ ಸೇರಿದೆವು. ಹೊಸ ರಾಜ್ಯ 1957ರಲ್ಲಿ ಆ ಕಲಮುಗಳನ್ನು ತಡೆಹಿಡಿಯಿತು. ಸೊಲ್ಲಾಪುರದ ಕಡೆ ಗೇಣಿದಾರರು ಮಾಲಕರಾಗುವಾಗ ನಮ್ಮವರು ಧಣಿಗಳ ಪಾಲು ಅಳೆದು ಕೊಡುತ್ತಲೇ ಇದ್ದರು. ಏಕೀಕರಣದ ಇತಿಹಾಸ ಬರೆದವರು ಈ ಲೆಕ್ಕವನ್ನು ಅಷ್ಟಾಗಿ ಬರೆಯಲಿಲ್ಲ.

1961ರ ಭೂಸುಧಾರಣಾ ಕಾಯದೆ 1965ರಲ್ಲಿ ಜಾರಿಗೆ ಬಂದರೂ ಅದರಲ್ಲಿ ಕಿಂಡಿಗಳೇ ಹೆಚ್ಚು. ಅವನ್ನು ಮುಚ್ಚಿದ್ದು 1974ರ ತಿದ್ದುಪಡಿ. ಆ ವರ್ಷದ ಮಾರ್ಚ್ 1ಕ್ಕೆ ಲಾವಣಿ ಮೇಲಿದ್ದ ಹೊಲವೆಲ್ಲ ಸರಕಾರದ್ದಾಯಿತು. ಉಳುವವನು ಏಳನೇ ನಮೂನೆಯಲ್ಲಿ ಅರ್ಜಿ ಹಾಕಿ, ಹಕ್ಕು ಸಾಬೀತುಮಾಡಿ, ಸರಕಾರಕ್ಕೆ ಕಿಮ್ಮತ್ತು ತುಂಬಿ ಅದನ್ನು ಪಡೆಯಬೇಕು. ಅರ್ಜಿಯ ಗಡುವು ಬೆಳೆಯುತ್ತ 1979ರ ಜೂನ್ 30ರವರೆಗೆ ಹೋಯಿತು.

ತಂಟೆ ತೀರಿಸಲು ತಾಲೂಕಿಗೊಂದು ಭೂನ್ಯಾಯ ಮಂಡಳಿ. ಅಸಿಸ್ಟಂಟ್ ಕಮಿಶನರರು ಅಧ್ಯಕ್ಷರು, ಸರಕಾರ ನೇಮಿಸಿದ ನಾಲ್ವರು ಸದಸ್ಯರು. ವಕೀಲರಿಗೆ ಪ್ರವೇಶವಿರಲಿಲ್ಲ. (1987ರಲ್ಲಿ ಸುಪ್ರೀಂ ಕೋರ್ಟು ಕಾಯದೆಯನ್ನು ಎತ್ತಿಹಿಡಿದರೂ ಈ ನಿರ್ಬಂಧವನ್ನು ತೆಗೆದುಹಾಕಿತು.) ಬಡವನಿಗೆ ಇದು ಅನುಕೂಲವೇ. ಆದರೆ ಸದಸ್ಯರು ಯಾರ ಕಡೆಯವರು ಎಂಬುದರ ಮೇಲೆ ನ್ಯಾಯ ವಾಲುತ್ತಿತ್ತೆಂಬ ದೂರೂ ಸುಳ್ಳಲ್ಲ. ಲಾವಣಿ ಬಾಯಿಮಾತಿನದು, ಉತಾರದಲ್ಲಿ ಧಣಿಯ ಹೆಸರು, ರಸೀದಿ ಎಂಬುದಿಲ್ಲ. ಪಕ್ಕದ ಹೊಲದವನ ಸಾಕ್ಷಿಯೇ ಆಧಾರ. ಅವನೂ ಅದೇ ಧಣಿಯ ಹೊಲ ಮಾಡುವವನಾದರೆ ಬಾಯಿ ಬಿಡುವನೇ? ಮೊದಲ ವರ್ಷಗಳಲ್ಲಿ ತೀರ್ಪಿನ ಮೇಲೆ ಅಪೀಲೂ ಇಲ್ಲ. ಬೆಂಗಳೂರಿನ ಹೈಕೋರ್ಟಿಗೆ ರಿಟ್ ಹಾಕಬೇಕು. ಬಾದಾಮಿಯ ರೈತನಿಗೆ ಅದು ಕಾಶಿಗಿಂತ ದೂರ. ಧಾರವಾಡಕ್ಕೆ ಪೀಠ ಬಂದದ್ದು 2008ರಲ್ಲಿ.

ಸೋತವರೆಲ್ಲ ದೊಡ್ಡ ವಾಡೆಯ ಧಣಿಗಳೆಂದು ತಿಳಿಯಬಾರದು. 1974ರ ನಂತರ ಹೊಲವನ್ನು ಗೇಣಿಗೆ ಕೊಡುವ ಅವಕಾಶ ಉಳಿದದ್ದು ಸೈನಿಕರಿಗೆ, ನಾವಿಕರಿಗೆ ಮಾತ್ರ, ವಿಧವೆಯರಿಗೆ ಇರಲಿಲ್ಲ. ನನ್ನ ತಾಯಿಯ ತಾಯಿಗೆ ಹುನಗುಂದ ತಾಲೂಕಿನಲ್ಲಿ ಎಂಟು ಎಕರೆ ಎರಿ ಹೊಲವಿತ್ತು, ಬೇರೆ ಆದಾಯವಿರಲಿಲ್ಲ. ಹೊಲ ಮಾಡುವಾತ ತಾನೇ ಮನೆಗೆ ಬಂದು, “ಅರ್ಜಿ ಕೊಟ್ಟೀನ್ರಿ ಅವ್ವಾರ, ಸಿಟ್ಟಾಗಬ್ಯಾಡ್ರಿ” ಎಂದನಂತೆ. “ಕಾಯದೇನ ಕೊಟ್ಟಮ್ಯಾಲ ನಾ ಯಾಕ ಬ್ಯಾಡ ಅನ್ನಲಿ? ಸುಗ್ಗಿಗೆ ಒಂದು ಚೀಲ ಜ್ವಾಳಾ ಮರೀಬ್ಯಾಡ” ಎಂದಳಂತೆ ಅಜ್ಜಿ. ಮಂಡಳಿಯ ಮುಂದೆ ಅವಳು ಇದ್ದದ್ದನ್ನು ಇದ್ದಂತೆ ಹೇಳಿದಳು. ಜೋಳ ಕೆಲವು ವರ್ಷ ಬಂತು. ಆಮೇಲೆ ಅವಳು ಮಗಳ ಮನೆ ಸೇರಿದಳು. ಕಾಯದೆ ತಪ್ಪೆಂದು ನಾನು ಅನ್ನಲಾರೆ. ಆ ಮನುಷ್ಯ ಇಪ್ಪತ್ತು ವರ್ಷ ದುಡಿದ ಹೊಲ ಅದು.

ಗೆದ್ದವರ ಮನೆಯಲ್ಲೂ ಜಗಳ ತಪ್ಪಲಿಲ್ಲ. ಹತ್ತನೇ ನಮೂನೆಯ ಪ್ರಮಾಣಪತ್ರ ಹೆಚ್ಚಾಗಿ ಹಿರಿಯಣ್ಣನ ಹೆಸರಿಗೆ ಬಂತು. ಗೇಣಿ ಒಟ್ಟು ಕುಟುಂಬದ್ದಾಗಿದ್ದರೆ ತಮ್ಮಂದಿರಿಗೂ ಪಾಲುಂಟೆಂದು ನ್ಯಾಯಾಲಯಗಳು ಹೇಳುವ ಹೊತ್ತಿಗೆ ಅಣ್ಣತಮ್ಮಂದಿರ ನಡುವೆ ಮಾತೇ ನಿಂತಿದ್ದವು. ಆಲಮಟ್ಟಿಯ ಹಿನ್ನೀರು ಬಂದಾಗ ಜಗಳ ಹೊಲ ಬಿಟ್ಟು ಪರಿಹಾರದ ಹಣಕ್ಕೆ ಹತ್ತಿತು. ಹೊಲ ಮುಳುಗಿದರೂ ಉತಾರ ಮುಳುಗಲಿಲ್ಲ ನೋಡಿರಿ.

ಆ ಉತಾರದಲ್ಲಿ ಕಳೆ ಕಿತ್ತ, ರಾಶಿ ಮಾಡಿದ ಹೆಣ್ಣುಮಕ್ಕಳ ಹೆಸರು ಅಪರೂಪ. ಮಗಳಿಗೆ ಸಮಪಾಲೆಂಬ ಕಾಯದೆ ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಬಂತು. ಅಂದಿನಿಂದ ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಅಕ್ಕತಂಗಿಯರ ಸಹಿಯೂ ಬೇಕಾಗಿದೆ. ಸಹಿಗೆ ಬರುವ ತಮ್ಮಂದಿರು ಬರಿಗೈಲಿ ಬರುವುದಿಲ್ಲ, ಒಂದು ಇಳಕಲ್ಲ ಸೀರೆ ತರುತ್ತಾರೆ.